ಹಲ್ಲಿಗೆ ಕ್ಯಾಪ್ ಹಾಕಿಸುವ ಮುಂಚೆ ತಿಳಿಯಬೇಕಾದ ಮಾತು

ಸವಣೂರ ಸೀಮೆಯಲ್ಲಿ ಹಲ್ಲಿಗೆ ಕೆಲಸ ಜಾಸ್ತಿ. ಹೊತ್ತಿಗೆ ಖಡಕ್ ರೊಟ್ಟಿ, ಸಂಜೆಗೆ ಖಾರಾ ಚುರುಮುರಿ, ಊಟ ಆದ ಮೇಲೆ ನಮ್ಮದೇ ತೋಟದ ವೀಳ್ಯದೆಲೆ, ಅದರ ಕೂಡ ಅಡಿಕೆ, ಸುಣ್ಣ. ಇಷ್ಟೆಲ್ಲ ದುಡಿಯುವ ಹಲ್ಲಿನ ನೆನಪು ನಮಗೆ ಬರುವುದು ಮಾತ್ರ ಅದು ನೋಯಲು ಶುರುವಾದ ಮೇಲೆ. ರಾತ್ರಿ ನಿದ್ದೆ ಬರುವುದಿಲ್ಲ, ಲವಂಗ ಇಡುತ್ತೇವೆ, ಗುಳಿಗೆ ನುಂಗುತ್ತೇವೆ, ಕೊನೆಗೆ ಡಾಕ್ಟರ ಹತ್ತಿರ ಹೋಗುತ್ತೇವೆ. ಅಲ್ಲಿ ಅವರು “ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕು” ಅನ್ನುತ್ತಾರೆ. ಅದು ಏನು, ಯಾಕೆ, ಎಷ್ಟು ಖರ್ಚು, ಹಾಕಿಸದಿದ್ದರೆ ಏನಾಗುತ್ತದೆ ಎಂದು ಕೇಳಲು ನಮಗೆ ಸಂಕೋಚ.

ಸ್ವಸಹಾಯ ಸಂಘಗಳ ಸಭೆಯಲ್ಲಿ ನಾವು ರಕ್ತಹೀನತೆ, ಬಿ.ಪಿ., ಸಕ್ಕರೆ ಕಾಯಿಲೆಯ ಬಗ್ಗೆ ಸಾಕಷ್ಟು ಮಾತಾಡಿದ್ದೇವೆ. ಹಲ್ಲಿನ ಬಗ್ಗೆ ಮಾತಾಡಿದ್ದು ಕಡಿಮೆ. ಆದರೆ ಹಲ್ಲಿನ ಖರ್ಚಿಗೆಂದು ಆಂತರಿಕ ಸಾಲ ಕೇಳುವವರು ಇದ್ದೇ ಇದ್ದಾರೆ. ಸಾಲ ಮಾಡಿ ಮಾಡಿಸಿದ ಚಿಕಿತ್ಸೆ ಅರ್ಧಕ್ಕೇ ನಿಂತು, ಕೊನೆಗೆ ಆ ಹಲ್ಲನ್ನೇ ಕೀಳಿಸಿಕೊಂಡವರೂ ಇದ್ದಾರೆ. ಅದಕ್ಕಾಗಿ ಈ ಪಾಠ. ಇದನ್ನು ಸಭೆಯಲ್ಲಿ ಒಬ್ಬರು ಓದಿ, ಉಳಿದವರು ಕೇಳಿ, ಕೊನೆಯ ಪ್ರಶ್ನೆಗಳನ್ನು ಎಲ್ಲರೂ ಸೇರಿ ಚರ್ಚಿಸಬೇಕೆಂದು ಕೋರುತ್ತೇವೆ.

ಕ್ಯಾಪ್ ಅಂದರೆ ಏನು?

ಹುಳುಕು ತಿಂದು ಅಥವಾ ಮುರಿದು ದುರ್ಬಲವಾದ ಹಲ್ಲಿನ ಮೇಲೆ ಸುತ್ತಲೂ ಮುಚ್ಚುವಂತೆ ಕೂರಿಸುವ ಗಟ್ಟಿ ಹೊದಿಕೆಯೇ ಕ್ಯಾಪ್. ಕೆಲವರು ಕಿರೀಟ ಅನ್ನುತ್ತಾರೆ, ನಮ್ಮ ಹಳ್ಳಿಯ ಕಡೆ ಹಲ್ಲಿನ ಟೊಪಿಗಿ ಅನ್ನುತ್ತಾರೆ. ಹೆಸರು ಯಾವುದಾದರೂ ಕೆಲಸ ಒಂದೇ. ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿ ಹಾಕುತ್ತೇವಲ್ಲ, ಹಾಗೆ. ಹಳಿ ಇದ್ದರೆ ಕಟ್ಟಿಗೆ ಸೀಳುವುದಿಲ್ಲ, ಭಾರ ತಾಳುತ್ತದೆ.

ಇಲ್ಲಿ ಒಂದು ಮಾತು ನೆನಪಿಡಬೇಕು. ಕ್ಯಾಪ್ ಅಂದರೆ ಹೊಸ ಹಲ್ಲು ಅಲ್ಲ. ಅದರ ಕೆಳಗೆ ನಿಮ್ಮದೇ ಹಲ್ಲು, ನಿಮ್ಮದೇ ಬೇರು, ನಿಮ್ಮದೇ ವಸಡು ಇರುತ್ತದೆ. ಅವು ಗಟ್ಟಿ ಇದ್ದಷ್ಟು ದಿನ ಮಾತ್ರ ಕ್ಯಾಪ್ ಗಟ್ಟಿ.

ಯಾವ ಹಲ್ಲಿಗೆ ಬೇಕು, ಯಾವುದಕ್ಕೆ ಬೇಡ?

ಸಾಮಾನ್ಯವಾಗಿ ಕ್ಯಾಪ್ ಬೇಕಾಗುವುದು ಈ ಸಂದರ್ಭಗಳಲ್ಲಿ:

1. ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ. ರೊಟ್ಟಿ ಅಗಿಯುವ ಭಾರವೆಲ್ಲ ಬೀಳುವುದು ಇವುಗಳ ಮೇಲೆ.
2. ಹುಳುಕು ಬಹಳ ಆಗಿ, ಸಿಮೆಂಟ್ ತುಂಬಿದರೂ ನಿಲ್ಲಲು ಗೋಡೆಯೇ ಉಳಿದಿಲ್ಲದ ಹಲ್ಲಿಗೆ.
3. ಅಡಿಕೆ ಕಡಿದೋ ಬಿದ್ದೋ ಬಿರುಕು ಬಿಟ್ಟ ಹಲ್ಲಿಗೆ.
4. ಕಿತ್ತ ಹಲ್ಲಿನ ಜಾಗ ತುಂಬಲು ಅಕ್ಕಪಕ್ಕದ ಹಲ್ಲುಗಳ ಆಸರೆಯಿಂದ ಸೇತುವೆಯಂತೆ ಹಲ್ಲು ಕಟ್ಟುವಾಗ.

ಹುಳುಕು ಸಣ್ಣದಿದ್ದರೆ ಸಿಮೆಂಟ್ ತುಂಬಿಸಿದರೆ ಸಾಕು, ಕ್ಯಾಪ್ ಬೇಡ. ಮುಂದಿನ ಹಲ್ಲಿಗೆ ರೂಟ್ ಕೆನಾಲ್ ಆಗಿದ್ದರೂ ಹಲ್ಲಿನ ಬಹುಭಾಗ ಗಟ್ಟಿ ಉಳಿದಿದ್ದರೆ ಎಷ್ಟೋ ಸಲ ಕ್ಯಾಪ್ ಇಲ್ಲದೆಯೂ ನಡೆಯುತ್ತದೆ. ಬರೀ ಕಲೆ ಹೋಗಿ ಬೆಳ್ಳಗೆ ಕಾಣಲಿ ಎಂದು ಗಟ್ಟಿಮುಟ್ಟಾದ ಹಲ್ಲನ್ನು ಅರೆಸಿಕೊಳ್ಳುವುದು ಜಾಣತನವಲ್ಲ. ಮದುವೆಗೆ ಬಂದ ಮಗಳ ಹಲ್ಲಿನ ಬಗ್ಗೆ ಮನೆಯವರು ಅವಸರ ಮಾಡುವುದನ್ನು ನಾವು ಕಂಡಿದ್ದೇವೆ. ಅಂಥ ಹೊತ್ತಿನಲ್ಲಿ ಮೊದಲು ಹಲ್ಲು ಕ್ಲೀನ್ ಮಾಡಿಸಿ ನೋಡಿ.

ಯಾಕೆಂದರೆ ಕ್ಯಾಪ್ ಕೂರಿಸಲು ಹಲ್ಲನ್ನು ಸುತ್ತಲೂ ಮೇಲೂ ಸುಮಾರು ಒಂದರಿಂದ ಎರಡು ಮಿಲಿಮೀಟರ್ ಅರೆಯಬೇಕಾಗುತ್ತದೆ. ಹಲ್ಲಿನ ಮೇಲಿನ ಬಿಳಿ ಪದರ ನಮ್ಮ ಇಡೀ ಮೈಯಲ್ಲೇ ಅತಿ ಗಟ್ಟಿಯಾದದ್ದು. ಆದರೆ ಉಗುರು, ಕೂದಲಿನಂತೆ ಅದು ಮತ್ತೆ ಬೆಳೆಯುವುದಿಲ್ಲ. ಒಮ್ಮೆ ಅರೆದ ಹಲ್ಲಿಗೆ ಮುಂದೆ ಯಾವಾಗಲೂ ಹೊದಿಕೆ ಬೇಕೇ ಬೇಕು. ಸೇತುವೆ ಕಟ್ಟಲು ಅಕ್ಕಪಕ್ಕದ ಎರಡು ಒಳ್ಳೆಯ ಹಲ್ಲನ್ನು ಅರೆಯುವುದಾದರೆ, ಬೇರೆ ದಾರಿ ಇದೆಯೇ ಎಂದು ಕೇಳಿಯೇ ಒಪ್ಪಿಕೊಳ್ಳಿ.

ಮಕ್ಕಳ ಹಾಲುಹಲ್ಲಿಗೂ ಕ್ಯಾಪ್ ಇದೆ. ಅದು ಸ್ಟೀಲಿನದು, ಅಳತೆಗೆ ತಯಾರಾಗಿಯೇ ಬರುತ್ತದೆ, ಹೆಚ್ಚಾಗಿ ಒಂದೇ ಭೇಟಿಯಲ್ಲಿ ಕೂರಿಸುತ್ತಾರೆ. ಹಾಲುಹಲ್ಲು ಬೀಳುವಾಗ ಅದರ ಜೊತೆಗೇ ಬೀಳುತ್ತದೆ. “ಹೆಂಗೂ ಬೀಳೋ ಹಲ್ಲು” ಎಂದು ಬಿಟ್ಟರೆ ಮಗು ನೋವು ತಿನ್ನುತ್ತದೆ, ಊಟ ಬಿಡುತ್ತದೆ, ಕೆಳಗಿನ ಕಾಯಂ ಹಲ್ಲಿನ ಜಾಗವೂ ಕೆಡಬಹುದು.

ನೋವು ಹೋಯಿತು, ಇನ್ನು ಕ್ಯಾಪ್ ಯಾಕೆ?

ಈ ಪಾಠದಲ್ಲಿ ಬೇರೆ ಏನನ್ನು ಮರೆತರೂ ಇದೊಂದನ್ನು ಮರೆಯಬೇಡಿ. ನಮಗೆ ಹಳ್ಳಿಗಳಲ್ಲಿ ಹೆಚ್ಚಾಗಿ ಕೇಳಿಬರುವ ಮಾತು ಇದು: “ನೋವು ಹೋತ್ರಿ ಸಿಸ್ಟರ್, ಇನ್ನ ಟೊಪಿಗಿ ಯಾಕ ಬೇಕು?” ರೂಟ್ ಕೆನಾಲ್‌ನಲ್ಲಿ ಡಾಕ್ಟರು ಹಲ್ಲಿನೊಳಗಿನ ಕೊಳೆತ ನರವನ್ನು ತೆಗೆದು, ಬೇರಿನ ನಾಳ ಸ್ವಚ್ಛ ಮಾಡಿ, ಔಷಧಿ ತುಂಬಿ ಮುಚ್ಚುತ್ತಾರೆ. ನರ ಹೋದ ಮೇಲೆ ನೋವು ಹೋಗುತ್ತದೆ. ಅಷ್ಟೊತ್ತಿಗೆ ಹತ್ತಿ ಬಿಡಿಸುವ ಕಾಲ ಬರುತ್ತದೆ, ಗೋವಿನಜೋಳ ಮುರಿಯುವ ಕೂಲಿ ಸಿಗುತ್ತದೆ, ಮಕ್ಕಳ ಶಾಲೆಯ ಫೀ ಬರುತ್ತದೆ. ಕ್ಯಾಪಿನ ಮಾತು ಮುಂದಕ್ಕೆ ಹೋಗುತ್ತದೆ. ಮನೆಯಲ್ಲಿ ಎಲ್ಲರ ಖರ್ಚು ಮುಗಿದ ಮೇಲೆ ತಾಯಿಯ ಹಲ್ಲಿನ ಸರದಿ ಬರಬೇಕು. ಆ ಸರದಿ ಬರುವುದೇ ಇಲ್ಲ.

ಗೆದ್ದಲು ತಿಂದ ಕಂಬವನ್ನು ನೆನಪು ಮಾಡಿಕೊಳ್ಳಿ. ಔಷಧಿ ಹೊಡೆದರೆ ಗೆದ್ದಲು ಸಾಯುತ್ತದೆ, ನಿಜ. ಆದರೆ ತಿಂದುಹೋದ ಕಂಬ ಮತ್ತೆ ತುಂಬಿಕೊಳ್ಳುವುದಿಲ್ಲ. ಅದರ ಮೇಲೆ ಮಾಡಿನ ಭಾರ ಹಾಗೇ ಇರುತ್ತದೆ. ರೂಟ್ ಕೆನಾಲ್ ಆದ ದವಡೆ ಹಲ್ಲಿನ ಕಥೆಯೂ ಅಷ್ಟೇ. ಹುಳುಕಿನಿಂದ ಅರ್ಧ ಹೋಗಿರುತ್ತದೆ, ಚಿಕಿತ್ಸೆಗಾಗಿ ಮೇಲೆ ತೂತು ತೆಗೆದಿರುತ್ತಾರೆ, ಉಳಿದ ಗೋಡೆ ತೆಳುವಾಗಿರುತ್ತದೆ. ಅದು ನೋಯುವುದಿಲ್ಲವಾದ್ದರಿಂದ ನಮಗೆ ಎಚ್ಚರಿಕೆಯೂ ಸಿಗುವುದಿಲ್ಲ. ಒಂದು ದಿನ ಶೇಂಗಾದಲ್ಲಿದ್ದ ಸಣ್ಣ ಹರಳು ಕಡಿದರೂ ಸಾಕು, ಹಲ್ಲು ಸೀಳುತ್ತದೆ. ಸೀಳು ಬೇರಿನವರೆಗೆ ಇಳಿದರೆ ಹಲ್ಲು ಕೀಳುವುದೊಂದೇ ದಾರಿ. ರೂಟ್ ಕೆನಾಲ್‌ಗೆ ಹಾಕಿದ ಹಣ, ಬಿಟ್ಟ ಕೂಲಿ, ತಿಂದ ನೋವು ಎಲ್ಲವೂ ನೀರಿನಲ್ಲಿ ಹೋಮ.

ಆದ್ದರಿಂದ ಕ್ಯಾಪ್ ಹಾಕಿಸಬೇಕೋ ಬೇಡವೋ ಎಂಬ ತೀರ್ಮಾನ ಆಗಬೇಕಾದದ್ದು ನೋವು ಹೋದ ಮೇಲೆ ಅಲ್ಲ. ರೂಟ್ ಕೆನಾಲ್ ಶುರು ಮಾಡುವ ಮುಂಚೆಯೇ ಆಗಬೇಕು. ಎರಡೂ ಸೇರಿ ಒಂದು ಚಿಕಿತ್ಸೆ, ಎರಡೂ ಸೇರಿ ಒಂದು ಖರ್ಚು ಎಂದು ಲೆಕ್ಕ ಹಾಕಿ. ಅಷ್ಟು ಹಣ ಈಗ ಕೂಡುವುದಿಲ್ಲ ಅನಿಸಿದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. “ಈಗ ಇಷ್ಟೇ ಆಗ್ತೈತ್ರಿ, ಕ್ಯಾಪ್ ಎಷ್ಟು ದಿನ ತಡ ಮಾಡಬಹುದು? ಅಲ್ಲೀತನಕ ಹಲ್ಲು ಹೆಂಗ ಕಾಪಾಡಿಕೊಳ್ಳಬೇಕು?” ಎಂದು ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಅವರು ಗಟ್ಟಿ ಸಿಮೆಂಟ್ ತುಂಬಿ, ಆ ಕಡೆ ಅಗಿಯಬೇಡಿ ಎಂದು ಹೇಳಿ ಸ್ವಲ್ಪ ಕಾಲ ದೂಡಿಕೊಡಬಹುದು. ಹಲ್ಲು ಉಳಿಸಲು ಸಾಧ್ಯವೇ ಇಲ್ಲದಷ್ಟು ಹಾಳಾಗಿದ್ದರೆ ಕೀಳಿಸುವುದೂ ಒಂದು ಸರಿಯಾದ ಚಿಕಿತ್ಸೆಯೇ. ಅರ್ಧಕ್ಕೆ ಬಿಡುವುದು ಮಾತ್ರ ಎಲ್ಲಕ್ಕಿಂತ ನಷ್ಟದ ದಾರಿ.

ಕೆಲಸ ಹೇಗೆ ನಡೆಯುತ್ತದೆ?

ಮೊದಲು ಎಕ್ಸ್‌ರೇ ತೆಗೆದು ಬೇರು ಗಟ್ಟಿ ಇದೆಯೇ ನೋಡುತ್ತಾರೆ. ವಸಡಿನಲ್ಲಿ ರಕ್ತ, ಕೀವು ಇದ್ದರೆ ಅದನ್ನು ಮೊದಲು ವಾಸಿ ಮಾಡಬೇಕು. ಆಮೇಲೆ ಅಗತ್ಯವಿದ್ದರೆ ಜೋಮು ಹಿಡಿಸುವ ಇಂಜೆಕ್ಷನ್ ಕೊಟ್ಟು ಹಲ್ಲು ಅರೆಯುತ್ತಾರೆ, ಅಳತೆ ತೆಗೆಯುತ್ತಾರೆ, ಹಲ್ಲಿನ ಬಣ್ಣ ಹೊಂದಿಸಿ ನೋಡುತ್ತಾರೆ. ಅಳತೆ ಲ್ಯಾಬಿಗೆ ಹೋಗಿ ಕ್ಯಾಪ್ ತಯಾರಾಗಿ ಬರಲು ಕೆಲವು ದಿನದಿಂದ ಎರಡು ವಾರ ಹಿಡಿಯಬಹುದು. ಅಲ್ಲಿಯವರೆಗೆ ಒಂದು ತಾತ್ಕಾಲಿಕ ಕ್ಯಾಪ್ ಇಡುತ್ತಾರೆ. ಅದು ಗಟ್ಟಿ ಇರುವುದಿಲ್ಲ. ಚಿಕ್ಕಿ, ಬೆಲ್ಲದ ಅಂಟುಂಡೆ, ಖಡಕ್ ರೊಟ್ಟಿ ಆ ಕಡೆ ಬೇಡ. ಬಾಯಿ ಜೋಮು ಇಳಿಯುವವರೆಗೆ ಏನೂ ತಿನ್ನಬೇಡಿ, ಗೊತ್ತಿಲ್ಲದೆ ತುಟಿ, ನಾಲಿಗೆ ಕಡಿದುಕೊಳ್ಳುತ್ತೀರಿ.

ಕಾಯಂ ಕ್ಯಾಪ್ ಕೂರಿಸುವ ದಿನ ಅವಸರ ಮಾಡಬೇಡಿ. ಅಂಟಿಸುವ ಮುಂಚೆ ಕನ್ನಡಿ ಕೇಳಿ ನೋಡಿ. ಬಣ್ಣದ ಕಾಗದ ಕಚ್ಚಿಸಿ ಎತ್ತರ ಪರೀಕ್ಷೆ ಮಾಡುತ್ತಾರೆ. ಬಾಯಿ ಮುಚ್ಚಿದಾಗ ಆ ಹಲ್ಲೇ ಮೊದಲು ತಾಗಿದರೆ “ಎತ್ತರ ಆಗೈತ್ರಿ” ಎಂದು ಹೇಳಿಬಿಡಿ. ಮನೆಗೆ ಹೋದ ಮೇಲೆ ಗೊತ್ತಾದರೂ ವಾಪಸ್ ಹೋಗಿ ಸರಿ ಮಾಡಿಸಿ. “ರೂಢಿ ಆಗ್ತೈತಿ” ಎಂದು ತಿಂಗಳುಗಟ್ಟಲೆ ಸಹಿಸಿದರೆ ದವಡೆ ನೋವು ಬರುತ್ತದೆ, ಹಲ್ಲಿಗೂ ಪೆಟ್ಟು.

ಎಷ್ಟು ತರದ ಕ್ಯಾಪ್ ಇವೆ?

ಪೂರ್ತಿ ಲೋಹದ ಕ್ಯಾಪ್: ಬೆಳ್ಳಿಯಂತೆ ಕಾಣುತ್ತದೆ. ಬೆಲೆ ಕಡಿಮೆ, ಬಹಳ ಗಟ್ಟಿ, ಹಲ್ಲು ಅರೆಯಬೇಕಾದದ್ದೂ ಕಡಿಮೆ. ಒಳಗಿನ ದವಡೆ ಹಲ್ಲಿಗೆ ಇದು ಕಾಣುವುದೂ ಇಲ್ಲ, ಕಡಿಮೆಯೂ ಅಲ್ಲ.

ಒಳಗೆ ಲೋಹ, ಹೊರಗೆ ಪಿಂಗಾಣಿ: ಹಲ್ಲಿನ ಬಣ್ಣ ಇರುತ್ತದೆ, ಬೆಲೆ ಮಧ್ಯಮ. ಪಿಂಗಾಣಿಯ ಚೂರು ಕೆಲವೊಮ್ಮೆ ಏಳಬಹುದು. ವರ್ಷಗಳ ಮೇಲೆ ವಸಡಿನ ಅಂಚಿನಲ್ಲಿ ಕಪ್ಪು ಗೆರೆ ಕಂಡರೆ ಅದು ಲೋಹದ ಅಂಚು ಇರಬಹುದು. ಹುಳುಕೋ ಅಲ್ಲವೋ ಎಂದು ಡಾಕ್ಟರೇ ಹೇಳಬೇಕು.

ಜಿರ್ಕೋನಿಯಾ: ಲೋಹವಿಲ್ಲದೆ ಹಲ್ಲಿನ ಬಣ್ಣದ್ದು, ಗಟ್ಟಿ, ಬೆಲೆ ಹೆಚ್ಚು.

ಪೂರ್ತಿ ಪಿಂಗಾಣಿ: ಅಂದದಲ್ಲಿ ಮುಂದು. ಹೆಚ್ಚಾಗಿ ಮುಂದಿನ ಹಲ್ಲುಗಳಿಗೆ.

ದುಬಾರಿಯದ್ದೇ ಒಳ್ಳೆಯದು ಎಂದು ತಿಳಿಯಬೇಡಿ. ಯಾವ ಹಲ್ಲು, ಎಷ್ಟು ಭಾರ, ಎಷ್ಟು ಕಾಣುತ್ತದೆ, ನಿಮ್ಮ ಕೈಯಲ್ಲಿ ಎಷ್ಟಿದೆ, ಈ ನಾಲ್ಕನ್ನೂ ತೂಗಿ ನೋಡಿ. ಜೀವನಪರ್ಯಂತ ಗ್ಯಾರಂಟಿ ಎಂಬ ಮಾತನ್ನು ಹಾಗೇ ನಂಬಬೇಡಿ. ಚೆನ್ನಾಗಿ ನೋಡಿಕೊಂಡರೆ ಕ್ಯಾಪ್ ಹತ್ತು ಹದಿನೈದು ವರ್ಷ ಬಾಳುವುದು ಸಾಮಾನ್ಯ, ಇನ್ನೂ ಹೆಚ್ಚು ಬಾಳಿದ್ದೂ ಉಂಟು. ಗ್ಯಾರಂಟಿ ಕಾರ್ಡ್ ಕೊಟ್ಟರೆ ಓದಿಸಿ ಕೇಳಿ. ಹೆಚ್ಚಿನವು ಕ್ಯಾಪ್ ಒಡೆದರೆ ಮಾತ್ರ, ಕೆಳಗಿನ ಹಲ್ಲು ಹುಳುಕಾದರೆ ಅಲ್ಲ.

ಡಾಕ್ಟರಿಗೆ ಹೇಳಲೇಬೇಕಾದ ಸಂಗತಿ

• ಸಕ್ಕರೆ ಕಾಯಿಲೆ ಇದ್ದರೆ ಹೇಳಿ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ವಸಡು ಬೇಗ ಕೆಡುತ್ತದೆ, ಗಾಯ ಮಾಯುವುದು ತಡ.
• ಬಿ.ಪಿ., ಹೃದಯದ ತೊಂದರೆ, ರಕ್ತ ತೆಳು ಮಾಡುವ ಗುಳಿಗೆ ಇದ್ದರೆ ಹೇಳಿ. ಗುಳಿಗೆಯ ಚೀಟಿ ಕೈಯಲ್ಲಿ ಒಯ್ಯಿರಿ. ನೀವೇ ಗುಳಿಗೆ ನಿಲ್ಲಿಸಬೇಡಿ.
• ಗರ್ಭಿಣಿಯಾಗಿದ್ದರೆ ಹೇಳಿ. ಅವಸರವಿಲ್ಲದ ಕೆಲಸವನ್ನು ನಾಲ್ಕರಿಂದ ಆರನೇ ತಿಂಗಳಲ್ಲಿ ಮಾಡಿಸುವುದು ಅನುಕೂಲ. ನೋವು, ಬಾವು ಇದ್ದರೆ ಯಾವ ತಿಂಗಳಾದರೂ ತಡ ಮಾಡಬೇಡಿ.
• ಖೋಟಾ ಓಲೆ, ಸರ ಹಾಕಿಕೊಂಡರೆ ಚರ್ಮ ಕೆರೆದು ಗುಳ್ಳೆ ಏಳುತ್ತದೆಯೇ? ಅದು ನಿಕ್ಕಲ್ ಎಂಬ ಲೋಹದ ಅಲರ್ಜಿ ಇರಬಹುದು. ಕೆಲವು ಲೋಹದ ಕ್ಯಾಪ್‌ಗಳಲ್ಲಿ ನಿಕ್ಕಲ್ ಇರುತ್ತದೆ. ಇದನ್ನು ಕೇಳುವ ಮುಂಚೆಯೇ ಹೇಳಿ.
• ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಇದ್ದರೆ ಹೇಳಿ.

ಎಲ್ಲಿಗೆ ಹೋಗಬೇಕು, ಲೆಕ್ಕ ಹೇಗೆ?

ಮೊದಲು ತಾಲೂಕು ಆಸ್ಪತ್ರೆ ಅಥವಾ ಹಾವೇರಿ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ತೋರಿಸಿ, ಕ್ಯಾಪ್ ಕೆಲಸ ಅಲ್ಲಿ ಆಗುತ್ತದೆಯೇ ಎಂದು ವಿಚಾರಿಸಿ. ಅಲ್ಲಿ ಆಗದಿದ್ದರೆ ದಂತ ಕಾಲೇಜುಗಳಿವೆ. ಹುಬ್ಬಳ್ಳಿ–ಧಾರವಾಡ ರಸ್ತೆಯ ಸತ್ತೂರಿನಲ್ಲಿ 1986ರಲ್ಲಿ ಶುರುವಾದ ಎಸ್‌ಡಿಎಂ ದಂತ ಕಾಲೇಜು ಇದೆ. ದಾವಣಗೆರೆಯಲ್ಲಿ 1979ರಿಂದ ಬಾಪೂಜಿ ದಂತ ಕಾಲೇಜು ಇದೆ. ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಕಲಿಸುವ ಡಾಕ್ಟರುಗಳ ನಿಗರಾಣಿಯಲ್ಲಿ ಕೆಲಸ ಮಾಡುತ್ತಾರೆ. ಸಾಮಾನ್ಯವಾಗಿ ದರ ಕಡಿಮೆ, ಆದರೆ ಹೆಚ್ಚು ಸಲ ಹೋಗಬೇಕು, ಹೆಚ್ಚು ಹೊತ್ತು ಕೂರಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಚಾರ್ಜಿನ ಚಿಂತೆ ಕಡಿಮೆಯಾಗಿದೆ. ಆದರೆ ಕೂಲಿ ತಪ್ಪುವ ಲೆಕ್ಕ ಇದ್ದೇ ಇದೆ.

ಆರೋಗ್ಯ ಕಾರ್ಡಿನಲ್ಲಿ ಕ್ಯಾಪ್ ಬಂದೇ ಬರುತ್ತದೆ ಎಂದು ನಂಬಿ ಹೊರಡಬೇಡಿ, ಮೊದಲು ಕೇಳಿ. ರಾಜ್ಯ ಸರ್ಕಾರದ ದಂತ ಭಾಗ್ಯ ಯೋಜನೆ ಬಂದದ್ದು ಹಲ್ಲು ಹೋದ ಬಡ ಹಿರಿಯರಿಗೆ ಕಟ್ಟುಹಲ್ಲಿನ ಸೆಟ್ ಕೊಡಲಿಕ್ಕೆ, ಕ್ಯಾಪಿಗೆ ಅಲ್ಲ.

ಒಪ್ಪಿಕೊಳ್ಳುವ ಮುಂಚೆ ಈ ಏಳು ಪ್ರಶ್ನೆ ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ:

1. ಈ ಹಲ್ಲಿಗೆ ಕ್ಯಾಪ್ ಬೇಕೇ ಬೇಕೇ? ಬೇರೆ ದಾರಿ ಏನಿದೆ?
2. ಯಾವ ತರದ ಕ್ಯಾಪ್? ಅದೇ ಯಾಕೆ?
3. ಎಕ್ಸ್‌ರೇ, ರೂಟ್ ಕೆನಾಲ್, ಸಿಮೆಂಟ್, ಕ್ಯಾಪ್ ಎಲ್ಲ ಸೇರಿ ಒಟ್ಟು ಎಷ್ಟು?
4. ಎಷ್ಟು ಸಲ ಬರಬೇಕು? ಎಷ್ಟು ದಿನದಲ್ಲಿ ಮುಗಿಯುತ್ತದೆ?
5. ಹಣ ಕಂತಿನಲ್ಲಿ ಕೊಡಬಹುದೇ?
6. ಕ್ಯಾಪ್ ಸಡಿಲಾದರೆ, ಒಡೆದರೆ ಮತ್ತೆ ಹಣ ಕೊಡಬೇಕೇ?
7. ಹಾಕಿಸದಿದ್ದರೆ ಏನಾಗುತ್ತದೆ?

ಬಸ್‌ಸ್ಟ್ಯಾಂಡ್, ಸಂತೆಯ ಹಲ್ಲು ಕಟ್ಟುವವರು

ಕಡಿಮೆ ಹಣಕ್ಕೆ ಒಂದೇ ತಾಸಿನಲ್ಲಿ ಹಲ್ಲು ಕೂರಿಸಿಕೊಡುತ್ತೇವೆ ಎನ್ನುವವರು ಊರೂರಲ್ಲಿ ಇದ್ದಾರೆ. ಎಕ್ಸ್‌ರೇ ಇಲ್ಲ, ಸಲಕರಣೆ ಕುದಿಸುವುದಿಲ್ಲ. ಹುಳುಕಿನ ಮೇಲೆಯೇ ಪ್ಲಾಸ್ಟಿಕ್ಕಿನಂಥ ಸಿಮೆಂಟ್ ಮೆತ್ತಿ, ಪಕ್ಕದ ಹಲ್ಲಿಗೆ ತಂತಿ ಬಿಗಿದು ಕಳಿಸುತ್ತಾರೆ. ಅದರ ಕೆಳಗೆ ಬ್ರಷ್ ಹೋಗುವುದಿಲ್ಲ. ಅನ್ನ ಸೇರಿ ಕೊಳೆತು ವಸಡು ಬಾಯುತ್ತದೆ, ಗಟ್ಟಿ ಇದ್ದ ಪಕ್ಕದ ಹಲ್ಲೂ ಅಲುಗಾಡುತ್ತದೆ. ಒಂದು ಹಲ್ಲಿಗೆ ಉಳಿಸಿದ ಹಣ ಮೂರು ಹಲ್ಲು ಕಳೆಯುತ್ತದೆ. ಸ್ವಚ್ಛ ಮಾಡದ ಸಲಕರಣೆಯಿಂದ ಕಾಮಾಲೆ ಬಿ, ಸಿ ಮುಂತಾದ ರಕ್ತದಿಂದ ಹರಡುವ ರೋಗಗಳೂ ಬರಬಹುದು.

ಹಲ್ಲಿನ ಚಿಕಿತ್ಸೆ ಮಾಡುವವರು ಓದಿ ನೋಂದಣಿ ಮಾಡಿಸಿರಬೇಕು ಎಂಬ ಕಾನೂನು ನಮ್ಮ ದೇಶದಲ್ಲಿ 1948ರಲ್ಲೇ ಬಂತು. ಬೋರ್ಡಿನಲ್ಲಿ ಬಿ.ಡಿ.ಎಸ್. ಅಥವಾ ಎಂ.ಡಿ.ಎಸ್. ಇದೆಯೇ, ನೋಂದಣಿ ಸಂಖ್ಯೆ ಇದೆಯೇ ನೋಡಿ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಖಾಸಗಿ ದವಾಖಾನೆಯೂ ನೋಂದಣಿ ಮಾಡಿಸಬೇಕು, ದರದ ವಿವರವನ್ನು ರೋಗಿಗಳಿಗೆ ತಿಳಿಯುವಂತೆ ಇಡಬೇಕು. ಆದ್ದರಿಂದ ದರ ಕೇಳುವುದು ಜಿಪುಣತನವಲ್ಲ, ನಿಮ್ಮ ಹಕ್ಕು.

ಹಾಕಿಸಿದ ಮೇಲೆ ಜೋಪಾನ

ಕ್ಯಾಪಿಗೆ ಹುಳುಕು ಹಿಡಿಯುವುದಿಲ್ಲ. ಆದರೆ ಕ್ಯಾಪ್ ಮತ್ತು ವಸಡು ಕೂಡುವ ಅಂಚಿನಲ್ಲಿ ನಿಮ್ಮ ಹಲ್ಲಿಗೆ ಹಿಡಿಯುತ್ತದೆ. ದಿನಕ್ಕೆ ಎರಡು ಸಲ, ಅದರಲ್ಲೂ ರಾತ್ರಿ ಮಲಗುವ ಮುಂಚೆ, ಮೆತ್ತನೆಯ ಬ್ರಷ್ಷಿನಿಂದ ಫ್ಲೋರೈಡ್ ಇರುವ ಪೇಸ್ಟ್ ಹಚ್ಚಿ ಆ ಅಂಚನ್ನು ತಿಕ್ಕಿ. ಹಲ್ಲುಗಳ ಸಂದಿಗೆ ದಾರ ಅಥವಾ ಸಣ್ಣ ಬ್ರಷ್ ಬಳಸುವುದನ್ನು ಡಾಕ್ಟರಿಂದ ಕಲಿಯಿರಿ. ಬೂದಿ, ಇಟ್ಟಂಗಿ ಪುಡಿ, ಇದ್ದಿಲು, ಮಿಶ್ರಿ ಬೇಡ. ಅವು ಹಲ್ಲು ಸವೆಸುತ್ತವೆ. ಮಿಶ್ರಿ ಅಂದರೆ ಸುಟ್ಟ ತಂಬಾಕು, ಅದು ಚಟವೂ ಹೌದು, ವಿಷವೂ ಹೌದು.

ಎಲೆ ಅಡಿಕೆಯ ಮಾತು ಬಂತು. ಸವಣೂರ ಎಲೆಗೆ ಹೆಸರಿದೆ, ಎಷ್ಟೋ ಮನೆಗಳ ಒಲೆ ಉರಿಯುವುದು ಎಲೆತೋಟದಿಂದ. ನಾವು ಎಲೆಯನ್ನು ದೂರುತ್ತಿಲ್ಲ. ಆದರೆ ಅಡಿಕೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ತಂಬಾಕು ಸೇರಿದರಂತೂ ಅಪಾಯ ಇನ್ನೂ ಹೆಚ್ಚು. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆದರೂ ಅಡಿಕೆ ಪೊಟ್ಟಣ, ತಂಬಾಕು ಪೊಟ್ಟಣ ಬೇರೆ ಬೇರೆ ಕೊಂಡು ಬಾಯಲ್ಲಿ ಕೂಡಿಸುವವರು ಇದ್ದಾರೆ. ಅಡಿಕೆ ಹೆಚ್ಚು ಅಗಿಯುವವರ ಕೆನ್ನೆಯ ಒಳಭಾಗ ಬಿಗಿದು ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಆಗ ಹಲ್ಲಿನ ಚಿಕಿತ್ಸೆಗೂ ದಾರಿ ಇಲ್ಲ. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹೋಗುತ್ತವೆಯೇ ನೋಡಿಕೊಳ್ಳಿ. ಹೋಗದಿದ್ದರೆ, ಅಥವಾ ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ, ಕ್ಯಾಪಿಗಿಂತ ಮೊದಲು ಅದನ್ನು ತೋರಿಸಿ.

ಕ್ಯಾಪ್ ಕಳಚಿ ಬಿದ್ದರೆ ತೊಳೆದು ಸಣ್ಣ ಡಬ್ಬಿಯಲ್ಲಿಟ್ಟುಕೊಂಡು ಬೇಗ ಡಾಕ್ಟರ ಹತ್ತಿರ ಹೋಗಿ. ಅಂಗಡಿಯ ಗಮ್ಮಿನಿಂದ ನೀವೇ ಅಂಟಿಸಬೇಡಿ. ಅಕಸ್ಮಾತ್ ನುಂಗಿದರೆ ಸಾಮಾನ್ಯವಾಗಿ ಮಲದಲ್ಲಿ ಹೋಗುತ್ತದೆ, ಆದರೂ ಡಾಕ್ಟರಿಗೆ ತಿಳಿಸಿ. ನುಂಗಿದ ಮೇಲೆ ಕೆಮ್ಮು, ಉಸಿರಿನ ತೊಂದರೆ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಕಚ್ಚಿದಾಗ ನೋವು, ಬಾವು, ಕೀವು, ಕೆಟ್ಟ ವಾಸನೆ, ಅಲುಗಾಟ ಇದ್ದರೆ ತಡ ಮಾಡಬೇಡಿ. ದವಡೆಯ ಕೆಳಗೆ ಬಾವು ಬಂದು ಜ್ವರ, ನುಂಗಲು ಕಷ್ಟ, ಬಾಯಿ ತೆರೆಯಲು ಕಷ್ಟ ಆದರೆ ರಾತ್ರಿಯಾದರೂ ದೊಡ್ಡಾಸ್ಪತ್ರೆಗೆ ಹೊರಡಿ. ಅದು ಜೀವಕ್ಕೆ ಅಪಾಯ.

ಕೆಲಸ ಸರಿಯಾಗದಿದ್ದರೆ?

ಮೊದಲು ಅದೇ ಡಾಕ್ಟರ ಹತ್ತಿರ ಹೋಗಿ ಸಮಾಧಾನದಿಂದ ಹೇಳಿ. ಬಹಳಷ್ಟು ತೊಂದರೆ ಅಲ್ಲೇ ಸರಿಹೋಗುತ್ತವೆ. ಆಗದಿದ್ದರೆ ದಾಖಲೆ ಬೇಕು. ಬಿಲ್ಲು, ಎಕ್ಸ್‌ರೇ, ಚೀಟಿ, ಗ್ಯಾರಂಟಿ ಕಾರ್ಡ್ ಎಲ್ಲವನ್ನೂ ರೇಷನ್ ಕಾರ್ಡಿನಷ್ಟೇ ಜೋಪಾನವಾಗಿ ಇಡಿ. ಹಣ ಕೊಟ್ಟು ಪಡೆದ ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನ ಅಡಿ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ. ಹಾವೇರಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಟ್ಟ ಹಣ ಐದು ಲಕ್ಷ ರೂಪಾಯಿಯೊಳಗೆ ಇದ್ದರೆ ದೂರಿಗೆ ಫೀ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು.

ಸಂಘದಲ್ಲಿ ಚರ್ಚೆಗೆ

1. ನಮ್ಮ ಸಂಘದಲ್ಲಿ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸದೆ ಬಿಟ್ಟವರು ಎಷ್ಟು ಮಂದಿ? ಕಾರಣ ಏನು?
2. ಹಲ್ಲಿನ ಚಿಕಿತ್ಸೆಗೆ ಆಂತರಿಕ ಸಾಲ ಕೊಡುವಾಗ ಪೂರ್ತಿ ಚಿಕಿತ್ಸೆಯ ಲೆಕ್ಕದ ಚೀಟಿ ನೋಡಿ, ಕ್ಯಾಪಿನ ಹಣವನ್ನೂ ಸೇರಿಸಿಯೇ ಕೊಡಬಹುದೇ?
3. ದಂತ ಕಾಲೇಜಿಗೆ ಒಬ್ಬೊಬ್ಬರೇ ಹೋಗುವ ಬದಲು ನಾಲ್ಕೈದು ಮಂದಿ ಒಂದೇ ದಿನ ಕೂಡಿ ಹೋಗಬಹುದೇ?
4. ನಮ್ಮ ಮನೆಯಲ್ಲಿ ಯಾರ ಹಲ್ಲಿನ ನೋವು ಎಲ್ಲರಿಗಿಂತ ಕೊನೆಗೆ ಲೆಕ್ಕಕ್ಕೆ ಬರುತ್ತದೆ? ಈ ಸಲ ಆ ಸರದಿಯನ್ನು ಮುಂದೆ ತರುವುದು ಹೇಗೆ?

ಮುಂದಿನ ಸಭೆಗೆ ಬರುವಾಗ ಒಬ್ಬೊಬ್ಬರೂ ಕನ್ನಡಿಯಲ್ಲಿ ತಮ್ಮ ಬಾಯಿ ನೋಡಿಕೊಂಡು ಬನ್ನಿ. ಮುರಿದದ್ದು, ಕಪ್ಪಾದದ್ದು, ಅರ್ಧ ಚಿಕಿತ್ಸೆ ಆದದ್ದು ಇದ್ದರೆ ಹೇಳಿ. ಮೊದಲು ಯಾರನ್ನು ಡಾಕ್ಟರ ಹತ್ತಿರ ಕಳಿಸಬೇಕು ಎಂದು ಎಲ್ಲರೂ ಕೂತು ಪಟ್ಟಿ ಮಾಡೋಣ.